ಮಳೆಗಾಲದಲ್ಲಿ ಹಳೆಯ ಜೋಂಗಾ: ಟಾರ್ಪಾಲು ಸಲಹೆಗೆ ಸ್ಪಷ್ಟನೆ

ಹಳೆಯ ಮಿಲಿಟರಿ ಜೀಪು, ಜೋಂಗಾಗಳನ್ನು (ಸೇನೆ ಬಳಸುತ್ತಿದ್ದ, ಜೀಪಿನಂಥದ್ದೇ ವಾಹನ) ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು, ಮಳೆಗಾಲ ಕಳೆಯುತ್ತದೆ ಎಂಬ ಸಂದೇಶ ಉಡುಪಿ, ಮಂಗಳೂರು ಕಡೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯೇ ಒದ್ದೆ. ನೆಲದಿಂದೆದ್ದ ತೇವ ಬಿಗಿದ ಟಾರ್ಪಾಲಿನಿಂದ ಹೊರಹೋಗದೆ ತಗಡಿನ ಮೇಲೆ ನೀರಾಗಿ ಕೂರುತ್ತದೆ. ಬಾಗಿಲ ತಳ, ಫ್ಲೋರ್, ಚಾಸಿಸ್ಸಿನ ಟೊಳ್ಳು ಭಾಗಗಳಿಗೆ ಒಳಗಿಂದಲೇ ತುಕ್ಕು. ತೋಟದ ಮೂಲೆಯಾದರೂ ಸರಿ, ಬದಿ ತೆರೆದ ಶೀಟಿನ ಮಾಡು ಬೇಕು, ಅಡಿಗೆ ಕಾಂಕ್ರೀಟು ಅಥವಾ ಜಲ್ಲಿ. ತೆಂಗಿನ ಮರದಡಿ ಮಾತ್ರ ಬೇಡ, ಕಾರಣ ಹೇಳಬೇಕಿಲ್ಲ.

ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದು ಹುಟ್ಟಿದ ನೀರಾವಿ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಆಯಿಲ್ ಮುಚ್ಚಳದೊಳಗೆ ಕಾಣುವ ಹಾಲುಬಣ್ಣದ ಕೆನೆ ಅದೇ. ತಿಂಗಳಿಗೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಮುಟ್ಟಬೇಡಿ.

ನಿಲ್ಲಿಸುವ ಮುನ್ನ ಆಯಿಲ್ ಬದಲಿಸಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ. 12 ವೋಲ್ಟಿನ ಬ್ಯಾಟರಿ 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಲೈನರ್ ಡ್ರಮ್ಮಿಗೆ ಅಂಟುತ್ತದೆ. ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಿ. ಚಾಸಿಸ್‌ಗೆ ಸುಟ್ಟ ಆಯಿಲ್ ಬಳಿಯುವ ರೂಢಿಯೂ ಬೇಡ: ರಬ್ಬರ್ ಬುಷ್‌ಗಳು ಊದಿ ಹಾಳಾಗುತ್ತವೆ, ತೊಟ್ಟಿಕ್ಕಿದ್ದು ಮಳೆನೀರಿನೊಂದಿಗೆ ಬಾವಿಯ ಕಡೆ ಹರಿಯುತ್ತದೆ.