ಪೇಂಟಿಗೆ ಮೊದಲು ಚೇಂಬರ್ ಇಳಿಸಿ

ಹಳೇ ಲಾರಿ ಕೊಂಡವರು ಮೊದಲು ಓಡುವುದು ಪೇಂಟರ್ ಹತ್ತಿರ. ಆಮೇಲೆ ಬಾಡಿ ಕಟ್ಟುವವರ ಹತ್ತಿರ. ಕ್ಯಾಬಿನ್ನಿಗೆ ಹೊಸ ಹಲಗೆ, ಹಣೆ ಮೇಲೆ ಮನೆದೇವರ ಹೆಸರು, ಸುತ್ತ ಹೂಬಳ್ಳಿ. ಫೋಟೋ ತೆಗೆದು ಇಲ್ಲಿ ಹಾಕುತ್ತಾರೆ, ನಾವೆಲ್ಲ ಲೈಕ್ ಒತ್ತುತ್ತೇವೆ. ಚೆನ್ನಾಗಿಯೇ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ನನ್ನ ಕಣ್ಣು ಹೋಗುವುದು ಫೋಟೋದಲ್ಲಿ ಲಾರಿ ನಿಂತಿರುವ ನೆಲಕ್ಕೆ. ಎಂಜಿನ್ ಕೆಳಗೆ ಕರೀ ಮಚ್ಚೆ ಇದೆಯಾ? ಬಹಳ ಸಲ ಇರುತ್ತೆ. ಮೇಲೆ ಥಳಕು, ಒಳಗೆ ಹುಳುಕು.

ನನ್ನ ವಾದ ಇಷ್ಟೇ. ಹಳೇ ಲಾರಿಗೆ ಖರ್ಚು ಮಾಡುವ ಮೊದಲ ದುಡ್ಡು ಎಂಜಿನ್ನಿನ ಅಡಿಗೆ ಹೋಗಬೇಕು. ಆಯಿಲ್ ಚೇಂಬರ್, ಅಂದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಅದನ್ನು ಇಳಿಸಿ ಒಳಗೆ ನೋಡದೆ ಒಂದು ಡಬ್ಬಿ ಪೇಂಟೂ ತರಬೇಡಿ.

ನಮ್ಮ ದೊಡ್ಡಪ್ಪನ ಕಾಲದ ಟಾಟಾ ಮರ್ಸಿಡಿಸ್ ಬೆಂಜ್ 1210 ಗುಬ್ಬಿ ಹತ್ತಿರ ತೋಟದಲ್ಲಿದೆ. ಮುಂದೆ ಮೂತಿ ಇರುವ ಲಾರಿ, ತಿಪಟೂರಿನ ಕೊಬ್ಬರಿ ಹೊತ್ತು ಸವೆದ ಗಾಡಿ. ಟಾಟಾ ಕಂಪನಿಯ ಟೆಲ್ಕೋದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಇಂಥ ಲಾರಿಗಳನ್ನು ಮಾಡಲು ಶುರು ಮಾಡಿದರು. 1969ಕ್ಕೆ ಒಪ್ಪಂದ ಮುಗಿಯಿತು. ಮೂತಿ ಮೇಲಿನ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. 1210 ಅನ್ನುವ ನಂಬರಲ್ಲೇ ಲೆಕ್ಕ ಇದೆ: ಲೋಡ್ ಸೇರಿ 12 ಟನ್, 100 ಕುದುರೆ ಶಕ್ತಿ. ಈಗಿನ ಲಾರಿಗಳ ಮುಂದೆ ಇದೇನೂ ಅಲ್ಲ. ಆದರೂ ಬೆಂಜ್ ಲಾರಿ ಅಂದರೆ ಹಳೇ ಡ್ರೈವರ್‌ಗಳ ಮುಖ ಅರಳುತ್ತೆ.

ಅದರ ಮೂಲ ಎಂಜಿನ್ ಯಾವತ್ತೋ ಜಾಮ್ ಆಗಿ ಹೋಗಿತ್ತು. ಕಲ್ಲು ಪುಡಿ ಮಾಡುವ ಕ್ರಷರ್ ಒಂದರಲ್ಲಿ ಓಡುತ್ತಿದ್ದ ಅದೇ ಜಾತಿಯ ಎಂಜಿನ್ ಸಿಕ್ಕಿತು. ಇಲ್ಲೇ ಇರುವುದು ವಿಷಯ. ಒಂದೇ ಎಂಜಿನ್ನು ಲಾರಿಗೂ ಹೋಗುತ್ತೆ, ಬಸ್ಸಿಗೂ ಹೋಗುತ್ತೆ, ಜನರೇಟರ್‌ಗೂ ಬೋರ್‌ವೆಲ್ ಕಂಪ್ರೆಸರ್‌ಗೂ ಹೋಗುತ್ತೆ. ಬ್ಲಾಕ್ ಒಂದೇ ಇದ್ದರೂ ಚೇಂಬರ್ ಬೇರೆ ಬೇರೆ. ನಿಂತಲ್ಲೇ ಓಡುವ ಎಂಜಿನ್ನಿಗೆ ಕೆಳಗೆ ಆಕ್ಸಲ್ ಇಲ್ಲ, ಸ್ಟೇರಿಂಗ್ ರಾಡೂ ಇಲ್ಲ. ಹಾಗಾಗಿ ಚೇಂಬರ್ ಎಲ್ಲಿ ಬೇಕಾದರೂ ಆಳ ಇರಬಹುದು. ಅದನ್ನೇ ತಂದು ಲಾರಿ ಚಾಸಿಗೆ ಇಳಿಸಿದರೆ ಆಳದ ಭಾಗ ಸರಿಯಾಗಿ ಆಕ್ಸಲ್ ಮೇಲೆ ಕೂರುತ್ತೆ. ನಮ್ಮದೂ ಹಾಗೇ ಕೂತಿತು. ಲಾರಿಯ ಹಳೇ ಚೇಂಬರ್ ಹಾಕೋಣ ಅಂದರೆ ಅದು ಮಳೆ ತಿಂದು, ಎಲೆ ಗೊಬ್ಬರದಲ್ಲಿ ಕೂತು ಜರಡಿಯಾಗಿತ್ತು.

"ಅಣ್ಣ, ಇದನ್ನೇ ವೆಲ್ಡಿಂಗ್ ಹೊಡೆಸಿಬಿಡೋಣ, ಯಾರು ಬಗ್ಗಿ ನೋಡ್ತಾರೆ?" ಅಂದ ಗ್ಯಾರೇಜಿನ ಹುಡುಗ. ಮೇಸ್ತ್ರಿ ತಲೆ ಎತ್ತಲಿಲ್ಲ. "ನೋಡೋರಿಗಲ್ಲ ಕಣೋ, ಆಯಿಲ್‌ಗೆ" ಅಂದರು. ಹುಡುಗನ ಸಲಹೆ ಪೂರ್ತಿ ತಪ್ಪೇನಲ್ಲ. ಚೇಂಬರಿಗೆ ವೆಲ್ಡಿಂಗ್ ಮಾಡಿಸಬಹುದು. ಆದರೆ ಎಣ್ಣೆ ಜಿಡ್ಡು ಒಂದು ಚೂರೂ ಇಲ್ಲದ ಹಾಗೆ ತೊಳೆಯಬೇಕು, ಇಲ್ಲದಿದ್ದರೆ ಆವಿಗೆ ಬೆಂಕಿ ಹತ್ತುವ ಅಪಾಯ. ಅಂಚನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿದೇ ಕಾಯಿಸಬೇಕು. ಬಿಟ್ಟರೆ ತಗಡು ಸೊಟ್ಟಗಾಗುತ್ತೆ. ಆಮೇಲೆ ಸಂದಿಗೆ ಯಾವ ಪ್ಯಾಕಿಂಗ್ (ಗ್ಯಾಸ್ಕೆಟ್) ಹಾಕಿದರೂ ಸೋರುತ್ತೆ. ಇನ್ನು ಎಂ-ಸೀಲ್ ಮೆತ್ತುವುದು, ಡೀಸೆಲ್ ಟ್ಯಾಂಕಿಗೆ ಬಟ್ಟೆ ಸೋಪು ಒತ್ತುವುದು, ಇವೆಲ್ಲ ನಡುರಾತ್ರಿ ಹೈವೇಯಲ್ಲಿ ನಿಂತ ಡ್ರೈವರ್‌ನ ವಿದ್ಯೆ. ಅದಕ್ಕೆ ನನ್ನ ನಮಸ್ಕಾರ. ಮನೆ ಮುಟ್ಟೋವರೆಗೆ ಸರಿ. ಮನೆಯಲ್ಲೇ ಕೂತು, ಕೈಯಲ್ಲಿ ಟೈಮು ಇಟ್ಟುಕೊಂಡು ಅದೇ ಕೆಲಸ ಮಾಡಿದರೆ ಸೋಮಾರಿತನ.

ಬೇರೆ ಚೇಂಬರ್ ಹುಡುಕಿದ್ದಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಮಾಡೆಲ್‌ಗಳದ್ದೇ ಜಾಸ್ತಿ. ಕೊನೆಗೆ ಸಿಕ್ಕಿದ್ದು ಇಲ್ಲೇ ತುಮಕೂರಿನ ಗುಜರಿಯಲ್ಲಿ, ತೂಕದ ಲೆಕ್ಕಕ್ಕೆ.

ಚೇಂಬರ್ ಬದಲಿಸುವುದು ಮುಚ್ಚಳ ಬದಲಿಸಿದ ಹಾಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ಜೊತೆ ಸ್ಟ್ರೈನರ್, ಅಂದರೆ ಆಯಿಲ್ ಸೋಸಿ ಎಳೆಯುವ ಜಾಲರಿ, ಬದಲಾಗಬೇಕು, ಸ್ಟ್ರೈನರ್‌ನಿಂದ ಆಯಿಲ್ ಪಂಪಿಗೆ ಹೋಗುವ ಪೈಪು ಬದಲಾಗಬೇಕು, ಆಯಿಲ್ ನೋಡುವ ಕಡ್ಡಿಯೂ ಬದಲಾಗಬೇಕು. ಆಳ ಮುಂದಿನಿಂದ ಹಿಂದಕ್ಕೆ ಹೋದರೆ ಪೈಪೂ ಹಿಂದಕ್ಕೆ ಹೋಗಲೇಬೇಕು ತಾನೆ? ಸ್ಟ್ರೈನರ್ ತಳಕ್ಕೆ ಅಂಟಿಕೊಂಡರೆ ಆಯಿಲ್ ಎಳೆಯಲು ದಾರಿ ಇರಲ್ಲ. ತೀರಾ ಮೇಲಿದ್ದರೆ ಏರಿನಲ್ಲಿ ಗಾಳಿ ಎಳೆಯುತ್ತೆ. ಸಾಮಾನ್ಯವಾಗಿ ತಳದಿಂದ ಕಾಲು ಇಂಚು, ಅದಕ್ಕಿಂತ ಸ್ವಲ್ಪ ಜಾಸ್ತಿ ಸಂದು ಬಿಡುತ್ತಾರೆ. ಎಂಜಿನ್ನಿನ ಮ್ಯಾನುಯಲ್ ಸಿಕ್ಕರೆ ಅದರ ಅಳತೆಯೇ ಅಳತೆ. ಇದನ್ನು ನೋಡಲು ನಮ್ಮ ಮೇಸ್ತ್ರಿ ಮಾಡಿದ್ದು ಚಪಾತಿ ಹಿಟ್ಟಿನ ಉಂಡೆ. ಸ್ಟ್ರೈನರ್ ಕೆಳಗೆ ಹಿಟ್ಟು ಮೆತ್ತಿ, ಪ್ಯಾಕಿಂಗ್ ಸಮೇತ ಚೇಂಬರ್ ಎತ್ತಿ ಒತ್ತಿ, ಮತ್ತೆ ಇಳಿಸಿ, ಚಪ್ಪಟೆಯಾದ ಹಿಟ್ಟಿನ ದಪ್ಪ ಅಳೆದರು. ಆಮೇಲೆ ಹಿಟ್ಟಿನ ಕೊನೆಯ ಚೂರನ್ನೂ ಒರೆಸಿ ತೆಗೆದರು.

ಕಡ್ಡಿಯ ವಿಚಾರ ಯಾರೂ ಹೇಳುವುದೇ ಇಲ್ಲ. ಬೇರೆ ಆಳದ ಚೇಂಬರಿಗೆ ಹಳೇ ಕಡ್ಡಿ ಹಾಕಿದರೆ ಅದು ಶುದ್ಧ ಸುಳ್ಳು ಹೇಳುತ್ತೆ. ಲೀಟರ್ ಲೆಕ್ಕದಲ್ಲಿ ಅಳೆದು ಆಯಿಲ್ ಹಾಕಿ, ಎಂಜಿನ್ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯುವವರೆಗೆ ಕಾದು, ಕಡ್ಡಿ ಮೇಲೆ ಅರದಿಂದ ಹೊಸ ಗೆರೆ ಹಾಕಬೇಕು.

ಚೇಂಬರ್ ಒಳಗೆ ಅಡ್ಡ ತಗಡು ಇದೆಯಾ ಅಂತಲೂ ನೋಡಿ. ಬ್ರೇಕ್ ಹಾಕಿದಾಗ, ಘಾಟಿ ಹತ್ತಿ ಇಳಿಯುವಾಗ ಆಯಿಲ್ ಒಂದೇ ಕಡೆ ನುಗ್ಗದಂತೆ ತಡೆಯುವುದು ಅದು. ನಿಂತಲ್ಲೇ ಓಡುವ ಎಂಜಿನ್ನಿಗೆ ಅದರ ಕೆಲಸ ಕಡಿಮೆ. ದೇವರಾಯನದುರ್ಗದ ತಿರುವುಗಳನ್ನು ಹತ್ತುವ ಲಾರಿಗೆ ಬೇಕೇ ಬೇಕು. ಆಯಿಲ್ ಪ್ರೆಶರ್ ತೋರಿಸುವ ಮೀಟರಿನ ಮುಳ್ಳು ಏರಿನಲ್ಲಿ ಮಾತ್ರ ಬಿದ್ದು, ಮಟ್ಟಸ ರಸ್ತೆಯಲ್ಲಿ ಮತ್ತೆ ಏಳುತ್ತಿದ್ದರೆ ಮೊದಲು ಆಯಿಲ್ ಮಟ್ಟ, ಸ್ಟ್ರೈನರ್, ಈ ತಗಡು ನೋಡಿ. ಪಂಪ್ ಬಿಚ್ಚುವುದು ಆಮೇಲೆ.

ಬಿಚ್ಚುವಾಗಿನ ಮಾತು. ಎಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಇಳಿಸಿ, ಕೊಳೆಯೂ ಜೊತೆಗೆ ಬರುತ್ತೆ. ಜಾಕಿ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ. ಚೇಂಬರ್ ಸಿಕ್ಕಿಹಾಕಿಕೊಂಡರೆ ಉಳಿ ಹಾಕಿ ಮೀಟಬೇಡಿ. ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಸ್ವಲ್ಪ ತಿರುಗಿಸಿ ನೋಡಿ. ಆಗಲೂ ಬರದಿದ್ದರೆ ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಫೌಂಡೇಶನ್ ಬೋಲ್ಟ್ ಸಡಿಲ ಮಾಡಿ ಎಂಜಿನ್ ಒಂದಿಷ್ಟು ಎತ್ತಿ, ಫ್ಯಾನ್ ರೇಡಿಯೇಟರಿಗೆ ತಾಗದಂತೆ ನೋಡಿಕೊಂಡು.

ಇಳಿದ ಚೇಂಬರಿನ ತಳ ನೋಡುವುದೇ ಇಡೀ ಕೆಲಸದಲ್ಲಿ ನನಗೆ ಇಷ್ಟದ ಭಾಗ. ಮೊದಲು ಅಯಸ್ಕಾಂತ ಆಡಿಸಿ. ಅಂಟಿಕೊಂಡಿದ್ದು ಕಬ್ಬಿಣ: ರಿಂಗ್, ಗೇರು, ಲೈನರ್, ಯಾವುದೋ ಒಂದರದ್ದು. ಅಂಟದೆ ಮಂಕಾಗಿ ಬೆಳ್ಳಗೆ ಹೊಳೆಯುವ ಚೂರು ಬೇರಿಂಗಿನ ಮೇಲ್ಪದರದ ವೈಟ್ ಮೆಟಲ್ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಇನ್ನೂ ಒಳಗಿನ ಪದರದವರೆಗೆ ಸವೆದಿದೆ, ಇಲ್ಲವೇ ಬುಷ್ ಹೋಗಿದೆ. ಆಯಿಲ್ ಹಾಲು ಬೆರೆತ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ನೀರಿನಂತೆ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ನಾಜಲ್ಲು, ಡೀಸೆಲ್ ಪಂಪು ನೋಡಿಸಿ. ಕೈ ಒಳಗೆ ಹೋಗುತ್ತೆ ತಾನೆ, ಒಂದೊಂದೇ ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಗೊತ್ತಾಗುತ್ತೆ. ಪೇಂಟಿಗೆ ಅಂತ ಇಟ್ಟ ದುಡ್ಡು ಬೇರಿಂಗಿಗೆ ಹೋಗಬೇಕಾ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತೆ.

"ಬೇರೆ ಚೇಂಬರ್ ಹಾಕಿದರೆ ಗಾಡಿ ಒರಿಜಿನಲ್ ಹೇಗಾಗುತ್ತೆ?" ಅಂತ ಕೇಳುವವರಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಆದರೆ ಆ ನಿಯಮ ಇರುವುದು ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಸರಕು ಲಾರಿ ಆ ಪಟ್ಟಿಯಲ್ಲೇ ಇಲ್ಲ! ದೇಶದ ಅಕ್ಕಿ, ಸಿಮೆಂಟು, ಕೊಬ್ಬರಿ ಹೊತ್ತ ಗಾಡಿಗೆ ವಿಂಟೇಜ್ ಅನ್ನುವ ಮರ್ಯಾದೆ ಇಲ್ಲ ನೋಡಿ. ನನಗೆ ಬೇಜಾರಿದೆ. ಹಾಗಿದ್ದ ಮೇಲೆ ಕಾರಿನವರ ಒರಿಜಿನಲ್ ಮಡಿಯನ್ನು ನಾವ್ಯಾಕೆ ಹೊರಬೇಕು? ಯಾವ ಚೇಂಬರ್ ಹಾಕಿದರೆ ಬೇರಿಂಗಿಗೆ ಆಯಿಲ್ ಮುಟ್ಟುತ್ತದೋ ಅದು ಸರಿ.

ಕೂರಿಸುವಾಗ ಅಂಚನ್ನು ಸಮ ಇರುವ ಪ್ಲೇಟ್ ಮೇಲಿಟ್ಟು ನೋಡಿ. ಬೋಲ್ಟ್ ತೂತಿನ ಸುತ್ತ ಉಬ್ಬಿದ್ದರೆ ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ಕಾರ್ಕ್ ಪ್ಯಾಕಿಂಗ್ ಒಣಗಿ ಚಿಕ್ಕದಾಗಿದ್ದರೆ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಅಳತೆಗೆ ಬರುತ್ತೆ. ಸೋರದಂತೆ ಹಚ್ಚುವ ಗಮ್ ಬೇಕಿರುವುದು ಮೂಲೆಗಳಿಗೆ ಮಾತ್ರ. ಟ್ಯೂಬ್ ಪೂರ್ತಿ ಹಿಂಡಿದರೆ ಒಳಗೆ ಉಕ್ಕಿದ್ದು ಕಿತ್ತು ಬಂದು ಸ್ಟ್ರೈನರಿಗೇ ಅಡ್ಡ ಕೂರುತ್ತೆ. ನಡುವಿನಿಂದ ತುದಿಗೆ, ಸಮವಾಗಿ ಬಿಗಿ ಮಾಡಿ. ಬಲ ಪ್ರಯೋಗ ಬೇಡ, ಕಾರ್ಕ್ ಪಕ್ಕಕ್ಕೆ ಹಿಸುಕಿ ಬಂದರೆ ಮುಗೀತು. ಆಯಿಲ್ ತುಂಬಿದ ಮೇಲೆ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದು, ಪ್ರೆಶರ್ ಮುಳ್ಳು ಏಳುವವರೆಗೆ ಸುಮ್ನೆ ಸೆಲ್ಫ್ ಹೊಡೆಯಿರಿ, ನಡುನಡುವೆ ಸೆಲ್ಫಿಗೆ ಬಿಡುವು ಕೊಟ್ಟು. ಆಮೇಲೆ ಸ್ಟಾರ್ಟ್ ಮಾಡಿ.

ನಮ್ಮ ಲಾರಿ ಈಗ ಸೋರುತ್ತಿಲ್ಲ, ಬಣ್ಣ ಮಾತ್ರ ಇನ್ನೂ ಇಲ್ಲ. ಗುಜರಿ ಚೇಂಬರಿನ ಆಯಿಲ್ ಇಳಿಸುವ ಡ್ರೈನ್ ಪ್ಲಗ್ ಮರೆ (ಥ್ರೆಡ್) ಸವೆದಿದೆ, ಸದ್ಯಕ್ಕೆ ತಾಮ್ರದ ವಾಷರ್ ಹಾಕಿ ನಡೆಸುತ್ತಿದ್ದೇನೆ. ಶಿರಾ, ಮಧುಗಿರಿ, ಪಾವಗಡ ಕಡೆ ಯಾರ ಶೆಡ್ಡಿನಲ್ಲಾದರೂ ಹಳೇ 1210ರ ಚೇಂಬರ್, ಅಡ್ಡ ತಗಡು ಸಮೇತ ಬಿದ್ದಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಅಂಚು ಸೊಟ್ಟಗಿರಬಾರದು.