ಮೋರ್ಯರ ಗುಡ್ಡಕ್ಕೂ ಮೌರ್ಯರಿಗೂ ಏನು ನಂಟು?
ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಕಲ್ಮನೆಗಳನ್ನು, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪ್ರಾಚೀನ ಸಮಾಧಿಗಳನ್ನು, ಮೌರ್ಯರು ಕಟ್ಟಿಸಿದರು ಎಂದು ಅವುಗಳ ಕುರಿತ ಲೇಖನವೊಂದರಲ್ಲಿ ಓದಿದೆ. ಲೇಖಕರ ಈ ಮಾತನ್ನು ಒಪ್ಪಲಾರೆ. ಊರಿನವರು ಆ ಗುಡ್ಡವನ್ನು ‘ಮೋರ್ಯರ ಗುಡ್ಡ’ ಎನ್ನುತ್ತಾರೆ, ನಿಜ. ಆದರೆ ಹೆಸರಿನ ಸಾಮ್ಯವೊಂದೇ ಸಾಕ್ಷಿಯೇ? ಕೊಪ್ಪಳದ ಗವಿಮಠದಲ್ಲಿ ಮೌರ್ಯ ದೊರೆ ಅಶೋಕನ ಶಾಸನವಿದೆ, ಹಾಗಾಗಿ ಇವೂ ಮೌರ್ಯರವೇ ಎಂಬ ವಾದವೂ ನಿಲ್ಲುವುದಿಲ್ಲ. ಆ ಶಾಸನ ಕ್ರಿ.ಪೂ. 3ನೇ ಶತಮಾನದ್ದು, ಈ ಬೃಹತ್ ಶಿಲಾ ಸಮಾಧಿಗಳ ಪರಂಪರೆ ಅದಕ್ಕಿಂತ ಹಲವು ಶತಮಾನ ಹಿಂದೆಯೇ ಆರಂಭವಾದದ್ದು.

ಇನ್ನು ಅಲ್ಲಿ ಕುಳ್ಳರು ವಾಸವಿದ್ದರು ಎಂಬ ಕಥೆ. ಎರಡು ವರ್ಷದ ಹಿಂದೆ ಗುಡ್ಡ ಹತ್ತಿದಾಗ ಒಂದು ಕಲ್ಮನೆಯ ದುಂಡು ಕಿಂಡಿಯಲ್ಲಿ ತಲೆ ತೂರಿಸಿ ನೋಡಿದೆ. ಒಲೆಯಿಲ್ಲ, ಮಸಿಯ ಗುರುತಿಲ್ಲ, ಮಳೆ ಬಂದರೆ ನೀರು ನೇರ ಒಳಕ್ಕೆ. ಎಷ್ಟೇ ಕುಳ್ಳನಾದರೂ ಅಲ್ಲಿ ಸಂಸಾರ ಹೂಡುತ್ತಿದ್ದನೇ! ಅವು ಸತ್ತವರ ಮನೆಗಳು. ಚಪ್ಪಡಿಗಳನ್ನು ಆ ಗುಡ್ಡದ ಬಂಡೆಯಿಂದಲೇ ಸೀಳಿ ತೆಗೆದಿದ್ದಾರೆ, ದೂರದಿಂದ ಯಾರೂ ಹೊತ್ತು ತಂದಿಲ್ಲ.

ಲೇಖನದಲ್ಲಿ ನಗಾರಿ ಕಲ್ಲಿಗೆ ಒಂದೇ ಸಾಲು ಕೊಟ್ಟದ್ದು ಬೇಸರ ತಂದಿತು. ಬಂಡೆಯ ನೆತ್ತಿಯ ಮೇಲೆ ಕುಳಿತ ಆ ಅರ್ಧಗೋಳವನ್ನು ಬಡಿದರೆ ಸದ್ದು ಗುಡ್ಡದಾಚೆಗೂ ಕೇಳುತ್ತದೆ. ಅದನ್ನು ಯಾವಾಗ, ಯಾರಿಗಾಗಿ ಬಡಿಯುತ್ತಿದ್ದರು? ಚರ್ಚೆ ಅಲ್ಲಿಂದ ಶುರುವಾಗಬೇಕಿತ್ತು.