ಗೋಡೆಯ ಬುಡದ ಐದು ಅಡಿ

ಉತ್ತರ ಕ್ಯಾಲಿಫೋರ್ನಿಯಾದ ಗುಡ್ಡದ ಬಡಾವಣೆಗಳಲ್ಲಿ ಕೈತೋಟಕ್ಕೂ ಕಾನೂನಿದೆ. ಕಾಳ್ಗಿಚ್ಚಿನ ಅಪಾಯವಿರುವ ಕಡೆ ಮನೆಯ ಸುತ್ತ 100 ಅಡಿಯವರೆಗೆ ಒಣಹುಲ್ಲು, ಪೊದೆ, ಸತ್ತ ಕೊಂಬೆಗಳನ್ನು ತೆಗೆಯಬೇಕು. ಈಗಿನ ಜಗಳ ಆ ನೂರರಲ್ಲಿ ಮೊದಲ ಐದು ಅಡಿಯದು. ಗೋಡೆಗೆ ತಾಗಿದ ಆ ಪಟ್ಟಿಯಲ್ಲಿ ಹೊತ್ತಿಕೊಳ್ಳುವಂಥದ್ದು ಇರಬಾರದೆಂಬ ನಿಯಮಕ್ಕೆ ಇಲ್ಲಿನ ಶಾಸನಸಭೆ 2020ರಲ್ಲೇ ದಾರಿ ಮಾಡಿತ್ತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ 16,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟ ಮೇಲೆ, ನಿಯಮವನ್ನು ಬೇಗ ಮುಗಿಸಿ ಎಂದು ಗವರ್ನರ್ ಆದೇಶಿಸಿದರು. ಕಿಟಕಿಯ ಕೆಳಗಿನ ಗುಲಾಬಿಯನ್ನೂ ಕೀಳಬೇಕೇ ಎಂದು ಜನ ಸಿಡುಕುತ್ತಿದ್ದಾರೆ.

ಮಲೆನಾಡಿನವನಾದ ನನಗೆ ಆ ಸಿಡುಕು ಪೂರ್ತಿ ಅರ್ಥವಾಗುವುದಿಲ್ಲ. ನಮ್ಮ ಹಳೆಯ ಮನೆಗಳ ಮುಂದೆ ಇದ್ದದ್ದು ಸಗಣಿ ಸಾರಿಸಿದ ಬೋಳು ಅಂಗಳ. ತುಳಸಿಕಟ್ಟೆ ಬಿಟ್ಟರೆ ಹೂಗಿಡಗಳೆಲ್ಲ ಅಂಗಳದ ಆಚೆ, ಹುಲ್ಲಿನ ಬಣವೆ ಇನ್ನೂ ದೂರ. ಅಂಗಳ ಮಾಡಿದ್ದು ಅಡಿಕೆ ಒಣಗಿಸಲು, ಭತ್ತ ಬಡಿಯಲು. ಆದರೆ ಸೋಗೆಯ ಮಾಡಿನ ಕಾಲದಲ್ಲಿ ಅದು ಬೆಂಕಿಗೆ ಅಡ್ಡಲಾಗಿಯೂ ನಿಂತಿರುತ್ತಿತ್ತು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ದರಕನ್ನು, ಅಂದರೆ ಒಣಗಿ ಬಿದ್ದ ಎಲೆಯನ್ನು, ಗುಡಿಸಿ ಕೊಟ್ಟಿಗೆಗೆ ಹಾಸುತ್ತಿದ್ದರು, ಅದು ಗೊಬ್ಬರವಾಗುತ್ತಿತ್ತು. ಇಲ್ಲಿ ಅದೇ ತರಗೆಲೆ ಮಾಡಿನ ದೋಣಿಯಲ್ಲಿ ಕೂತು ಒಣಗುತ್ತದೆ.

ಬೆಂಕಿಯ ಅಲೆ ಬಂದು ಅಪ್ಪಳಿಸಿದಾಗಲೇ ಮನೆ ಸುಡುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಮನೆಗಳು ಹೊತ್ತುವುದು ಗಾಳಿಗೆ ಹಾರಿಬಂದ ಕೆಂಡಗಳಿಂದ. ಒಂದು ಮೈಲಿಗಿಂತ ಆಚೆಯಿಂದಲೂ ಬರುವ ಆ ಕಿಡಿ, ಗಿಡದ ಬುಡಕ್ಕೆ ಹೊದಿಸಿದ ಮರದ ತೊಗಟೆಯ ಚೂರಿನ ಮೇಲೋ, ನಾರಿನ ಕಾಲೊರಸಿನ ಮೇಲೋ ಬಿದ್ದು ಹೊಗೆಯಾಡುತ್ತದೆ. ಪಕ್ಕದಲ್ಲಿ ಎಣ್ಣೆ ತುಂಬಿದ ಜೂನಿಪರ್ ಪೊದೆಯಿದ್ದರೆ ಜ್ವಾಲೆ ಕಿಟಕಿಯ ಎತ್ತರಕ್ಕೇರುತ್ತದೆ, ಗಾಜು ಒಡೆಯುತ್ತದೆ, ಬೆಂಕಿ ಒಳಗೆ ಬರುತ್ತದೆ. ಮನೆಗೆ ಅಂಟಿಸಿ ಕಟ್ಟಿದ ಮರದ ಬೇಲಿ ಮಾಡುವುದು ಬತ್ತಿಯ ಕೆಲಸವನ್ನೇ. ಕೊನೆಯ ಐದು ಅಡಿಗಾದರೂ ಕಬ್ಬಿಣ ಹಾಕಬೇಕು.

ಅಂಗಡಿಗಳು ‘ಬೆಂಕಿ ನಿರೋಧಕ’ ಎಂದು ಚೀಟಿ ಅಂಟಿಸಿ ಮಾರುವ ಸಸಿಗಳ ಮೇಲೆ ನನಗೆ ನಂಬಿಕೆಯಿಲ್ಲ. ನೀರಿಲ್ಲದೆ ಒಣಗಿದರೆ ಯಾವ ಗಿಡವೂ ಸುಡುತ್ತದೆ. ಅದಕ್ಕಿಂತ ಅಂತರದ ಲೆಕ್ಕ ಮೇಲು: ಸಮತಟ್ಟಿನಲ್ಲಿ ಎರಡು ಪೊದೆಗಳ ನಡುವೆ ಪೊದೆಯ ಎತ್ತರದ ಎರಡರಷ್ಟು ಜಾಗ, ಕಡಿದಾದ ಇಳಿಜಾರಿನಲ್ಲಿ ಆರರಷ್ಟು, ಏಕೆಂದರೆ ಬೆಂಕಿ ಏರುಮುಖವಾಗಿ ಓಡುತ್ತದೆ. ಮರದ ಕೆಳಗೆ ಪೊದೆಯಿದ್ದರೆ, ಅದರ ಎತ್ತರದ ಮೂರರಷ್ಟು ಮೇಲೆ ಮೊದಲ ಕೊಂಬೆ ಇರಬೇಕು. ಆದರೆ ದೊಡ್ಡ ಮರವನ್ನೇ ಉರುಳಿಸಿ ಎನ್ನುವವರ ಕಡೆ ನಾನಿಲ್ಲ. ಕೆಳಗಿನ ಕೊಂಬೆ ಸವರಿದ, ಬುಡ ಗುಡಿಸಿದ ಹಳೆಯ ಓಕ್ ನೆರಳನ್ನೂ ಕೊಡುತ್ತದೆ, ನೆಲದ ತೇವವನ್ನೂ ಕಾಯುತ್ತದೆ.

ಊರಿನ ಕಡೆ ಕಾಳ್ಗಿಚ್ಚು ಅರಣ್ಯ ಇಲಾಖೆಯ ತಲೆನೋವು ಎಂದೇ ಎಲ್ಲರ ಎಣಿಕೆ. ಬೇಸಿಗೆಗೆ ಮುಂಚೆ ಅವರು ಕಾಡಿನಲ್ಲಿ ಪಟ್ಟಿಯಾಗಿ ಹುಲ್ಲು, ಪೊದೆ ತೆಗೆದು ಬೆಂಕಿ ರೇಖೆ ಎಳೆಯುತ್ತಾರೆ. ಆದರೂ 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿತು. ಕಾಡಂಚಿನ ಮನೆಯವನನ್ನು ಯಾರೂ ಏನೂ ಕೇಳುವುದಿಲ್ಲ. ಇತ್ತ ಕೊಡಗು, ಚಿಕ್ಕಮಗಳೂರಿನ ಹೊಸ ಹೋಂಸ್ಟೇಗಳು ಅಂಗಳವನ್ನು ಮರೆತು, ಇಳಿಜಾರಿನ ಅಂಚಿಗೆ ಮರದ ಅಟ್ಟಣೆ ಚಾಚಿ, ಹುಲ್ಲಿನ ಮಾಡು ಹೊದಿಸಿ, ಕೆಳಗೆ ಲಂಟಾನವನ್ನು ಬೆಳೆಯಲು ಬಿಟ್ಟಿವೆ. ಕ್ಯಾಲಿಫೋರ್ನಿಯಾ ಬಿಡಲು ಹೆಣಗುತ್ತಿರುವುದನ್ನು ನಾವು ಕಾಸು ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ.

ನಮ್ಮವರ ಇನ್ನೊಂದು ಚಾಳಿಯನ್ನು ಮಾತ್ರ ಅಂಗಳದ ಹೆಸರಿನಲ್ಲಿ ಸಮರ್ಥಿಸಲಾರೆ: ಮಾರ್ಚಿನ ಮಧ್ಯಾಹ್ನ, ಗಾಳಿ ಬೀಸುತ್ತಿರುವಾಗಲೇ, ಗುಡಿಸಿದ ದರಕಿಗೆ ಕಡ್ಡಿ ಗೀರುವುದು. ಇಲ್ಲಿ ಬೆಂಕಿಯ ಕಾಲದಲ್ಲಿ ಹಾಗೆ ಮಾಡಿದರೆ ದಂಡ ತೆರಬೇಕಾಗುತ್ತದೆ. ಅಲ್ಲಿಯೂ ಪಂಚಾಯಿತಿಗಳು ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಇದನ್ನು ನಿಲ್ಲಿಸಿ, ದರಕನ್ನು ಗೊಬ್ಬರದ ಗುಂಡಿಗೆ ಹಾಕಿಸಲಿ.